ಒಂದು ಅಗುಳು ಹಿಸುಕಿದ್ರೆ ಸಾಕಾ?

ಹೋದ ತಿಂಗಳು ಒಂದು ಭಾನುವಾರ ನಮ್ಮ ನಾದಿನಿ ಮಗಳನ್ನ ಕರ್ಕೊಂಡು ಕೆ.ಆರ್. ಪುರದಿಂದ ಮೆಟ್ರೋ ಹತ್ತಿ ಹಲಸೂರಿಗೆ ನಮ್ಮನೆಗೆ ಬಂದ್ಲು. ಬಂದೋಳೇ ಬ್ಯಾಗಿಂದ ಒಂದು ಆನ್ಸರ್ ಶೀಟ್ ತೆಗೆದು ಟೇಬಲ್ ಮೇಲೆ ಹಾಕಿ, "ನೋಡಿ ಅತ್ತಿಗೆ, ನಿಮ್ಮ ಮುದ್ದಿನ ಸೊಸೆ ಮ್ಯಾಥ್ಸಲ್ಲಿ ಏನು ಮಾಡ್ಕೊಂಡು ಬಂದಿದಾಳೆ" ಅಂದ್ಲು. ಪುಟ್ಟಿ ತಲೆ ತಗ್ಗಿಸಿ ಕೂತಿತ್ತು. ಒಂಬತ್ತನೇ ಕ್ಲಾಸು.

ಪ್ರಶ್ನೆ ಇಷ್ಟು: ಎಕ್ಸ್³ + ವೈ³ = (ಎಕ್ಸ್ + ವೈ)(ಎಕ್ಸ್² − ಎಕ್ಸ್‌ವೈ + ವೈ²), ವೆರಿಫೈ ಮಾಡಿ. ಮೂರು ಮಾರ್ಕು. ಪುಟ್ಟಿ ಎಕ್ಸ್‌ಗೆ 2, ವೈಗೆ 1 ಹಾಕಿದಾಳೆ. ಎಡಗಡೆ 8 ಮತ್ತು 1 ಕೂಡಿ 9. ಬಲಗಡೆ 3 ಇಂಟು 3, ಅದೂ 9. ಕೆಳಗೆ ನೀಟಾಗಿ ‘ವೆರಿಫೈಡ್’ ಅಂತ ಗೆರೆ ಎಳೆದಿದಾಳೆ. ಅದರ ಮೇಲೆ ಕೆಂಪು ಇಂಕಲ್ಲಿ ದೊಡ್ಡ ಸೊನ್ನೆ.

"ನಾನು ತಪ್ಪು ಮಾಡಿಲ್ಲ ಅತ್ತೆ, ಎರಡೂ ಕಡೆ ಒಂಬತ್ತೇ ಬಂತಲ್ಲ" ಅಂತು ಮಗು. ನಾದಿನಿ ಆಗ್ಲೇ ತೀರ್ಮಾನ ಮಾಡಿ ಆಗಿದೆ, ಪಿಯುಸಿಗೆ ಮ್ಯಾಥ್ಸ್ ಇಲ್ಲದ ಕಾಂಬಿನೇಷನ್ ಅಂತ. ಒಂದು ಸೊನ್ನೆಗೆ!

ಈ ವಿಷಯದಲ್ಲಿ ನನಗೆ ಬಾಯಿ ಮುಚ್ಕೊಂಡು ಇರೋಕೆ ಆಗಲ್ಲ, ಅದಕ್ಕೇ ಬರೀತಿದೀನಿ. ನಾನು ಓದಿದ್ದು ಪಿಯುಸಿ ಅಷ್ಟೇ, ಅದೂ 1986ರಲ್ಲಿ. ಆದ್ರೂ ಸೊನ್ನೆ ಹಾಕಿದೋರ ಮೇಲೂ, ಪುಟ್ಟಿ ಮೇಲೂ, ಇಬ್ಬರ ಮೇಲೂ ನಂದು ತಕರಾರಿದೆ.

ಮೊದಲು ಪದ ನೋಡಿ. ನಾವು ಕನ್ನಡ ಮೀಡಿಯಂನೋರು. ನಮ್ಮ ಪುಸ್ತಕದಲ್ಲಿ ‘ತಾಳೆ ನೋಡಿ’ ಬೇರೆ, ‘ಸಾಧಿಸಿ’ ಬೇರೆ. ತಾಳೆ ನೋಡೋದು ಅಂದ್ರೆ ಬೆಲೆ ಹಾಕಿ ಎರಡೂ ಕಡೆ ಸರಿಹೋಗುತ್ತಾ ಅಂತ ನೋಡೋದು, ಅಂಗಡಿ ಚೀಟಿಗೂ ಮನೆಗೆ ಬಂದ ಸಾಮಾನಿಗೂ ತಾಳೆ ನೋಡ್ತೀವಲ್ಲ ಹಾಗೆ. ಸಾಧಿಸೋದು ಅಂದ್ರೆ ಯಾವ ಬೆಲೆ ಹಾಕಿದ್ರೂ ಸರಿಹೋಗಲೇಬೇಕು ಅಂತ ಕಾರಣ ಕೊಡೋದು. ನನ್ನ ಮಗ ಓದಿದ ಎನ್‌ಸಿಇಆರ್‌ಟಿ ಒಂಬತ್ತನೇ ಕ್ಲಾಸಿನ ಹಳೇ ಪುಸ್ತಕ ಅಟ್ಟದ ಮೇಲಿತ್ತು, ತೆಗೆದು ನೋಡಿದೆ. ಅದರಲ್ಲೂ ಇದೇ ಲೆಕ್ಕಕ್ಕೆ ‘ವೆರಿಫೈ’ ಅಂತಲೇ ಇದೆ! ಬಲಗಡೆ ಇರೋದನ್ನ ಗುಣಿಸಿ ಬಿಡಿಸಿ ತೋರಿಸಬೇಕು ಅನ್ನೋದು ಅವರ ಮನಸ್ಸಲ್ಲಿದೆ, ಬಾಯಲ್ಲಿ ಮಾತ್ರ ವೆರಿಫೈ. ಅದೇ ಪುಸ್ತಕದ ಹಿಂದೆ ಸಾಧನೆ ಅಂದ್ರೇನು ಅಂತ ಒಂದು ಅನುಬಂಧವನ್ನೇ ಕೊಟ್ಟಿದಾರೆ. ನನ್ನ ಮಗನ ಪುಸ್ತಕದಲ್ಲಿ ಆ ಪುಟಗಳು ಹೊಸದರ ಹಾಗೇ ಇವೆ, ಒಂದು ಪೆನ್ಸಿಲ್ ಗೀಟೂ ಇಲ್ಲ. ಬೇಕಾಗಿದ್ದು ಸಾಧನೆ ಆದ್ರೆ ಕೇಳೋವಾಗ ‘ಸಾಧಿಸಿ’ ಅಂತ ಕೇಳಬೇಕು. ಉಪ್ಪು ಕೇಳಿ, ಸಕ್ಕರೆ ಯಾಕೆ ತರಲಿಲ್ಲ ಅಂತ ಬೈದ್ರೆ ಮಗು ಏನು ಮಾಡುತ್ತೆ?

ಇನ್ನು ಪುಟ್ಟಿ ಮೇಲಿನ ತಕರಾರು. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು ಅಂತಾರೆ. ಯಾಕೆ ಸಾಕು? ಎಲ್ಲಾ ಅಗುಳೂ ಒಂದೇ ಅಕ್ಕಿದು, ಒಂದೇ ನೀರಲ್ಲಿ, ಒಂದೇ ಉರೀಲಿ ಬೆಂದಿರುತ್ತೆ, ಅದಕ್ಕೆ. ನಮ್ಮನೆ ಗೃಹಪ್ರವೇಶದ ದಿನ ಹಳೇ ಅಕ್ಕಿ ಸಾಲದೆ ಅದರ ಜೊತೆಗೆ ಹೊಸ ಅಕ್ಕಿ ಬೆರೆಸಿ ದೊಡ್ಡ ಪಾತ್ರೇಲಿಟ್ಟಿದ್ದೆ. ಹಿಸುಕಿದ ಅಗುಳು ಬೆಂದಿತ್ತು. ಎಲೆ ಮೇಲೆ ಬಡಿಸಿದಾಗ ಅರ್ಧ ಮುದ್ದೆ, ಅರ್ಧ ಕಾಳು ಕಾಳು. ನಮ್ಮತ್ತೆ ಅದನ್ನ ಸಾಯೋವರೆಗೂ ಮರೀಲಿಲ್ಲ, ನನಗೂ ಮರೆಯೋಕೆ ಬಿಡಲಿಲ್ಲ. ಅಗುಳು ಸುಳ್ಳು ಹೇಳಿರಲಿಲ್ಲ. ‘ಎಲ್ಲಾ ಒಂದೇ ಅಕ್ಕಿ’ ಅನ್ನೋ ಕಾರಣ ಅಲ್ಲಿರಲಿಲ್ಲ, ಅಷ್ಟೇ.

ಲೆಕ್ಕದಲ್ಲೂ ಅಷ್ಟೇ. ಮಕ್ಕಳು ಪದೇ ಪದೇ ಮಾಡೋ ತಪ್ಪು ಯಾವುದು? (ಎ + ಬಿ)² ಅಂದ್ರೆ ಎ² + ಬಿ² ಅಂತ ಬರೆಯೋದು. ಬಿಗೆ 0 ಹಾಕಿ ತಾಳೆ ನೋಡಿ, ಪಕ್ಕಾ ಸರಿಹೋಗುತ್ತೆ. ತರಕಾರಿಯೋನು ಖಾಲಿ ತಕ್ಕಡಿ ಎತ್ತಿ "ನೋಡಮ್ಮಾ, ಸಮ ಇದೆ" ಅಂತ ತೋರಿಸಿದ ಹಾಗೆ. ತಕ್ಕಡಿ ಸಮಾನೇ, ಮೋಸ ಇರೋದು ಕಲ್ಲಲ್ಲಿ. ಆಯ್ಲರ್ ಅಂತ 18ನೇ ಶತಮಾನದ ದೊಡ್ಡ ಗಣಿತಜ್ಞ, ಅವನ ಹೆಸರಲ್ಲಿ ಒಂದು ಸೂತ್ರ ಇದೆ: ಎನ್² + ಎನ್ + 41. ಎನ್‌ಗೆ 0 ಹಾಕಿದ್ರೆ 41, 1 ಹಾಕಿದ್ರೆ 43, 2ಕ್ಕೆ 47, 3ಕ್ಕೆ 53. ಎಲ್ಲಾ ಅವಿಭಾಜ್ಯ ಸಂಖ್ಯೆಗಳೇ. ಹೀಗೇ 39ರವರೆಗೂ ಹೋಗುತ್ತೆ, ನಲವತ್ತು ಸಲ ಸರಿ. 40 ಹಾಕಿ ನೋಡಿ, 1681 ಬರುತ್ತೆ. ಅದು 41 ಇಂಟು 41. ನಲವತ್ತು ಅಗುಳು ಬೆಂದಿತ್ತು, ನಲವತ್ತೊಂದನೇದು ಕಲ್ಲು.

ಹಾಗಂತ ತಾಳೆ ನೋಡೋದು ಕೆಲಸಕ್ಕೆ ಬಾರದ್ದಾ? ಇಲ್ಲೇ ನನಗೆ ಸಿಟ್ಟು ಬರೋದು. ಹಲಸೂರು ಕೆರೆ ಹತ್ರ ಬೆಳಿಗ್ಗೆ ವಾಕಿಂಗಿಗೆ ಒಬ್ಬರು ರಿಟೈರ್ಡ್ ಗಣಿತದ ಮೇಷ್ಟ್ರು ಬರ್ತಾರೆ. ಅವರನ್ನ ಕೇಳಿದೆ. ಅವರು ನಕ್ಕು, "ಅಮ್ಮಾ, ಬೆಲೆ ಹಾಕಿ ನೋಡೋದೂ ಸಾಧನೆ ಆಗಬಹುದು, ಎಷ್ಟು ಬೆಲೆ ಹಾಕಬೇಕು ಅಂತ ಗೊತ್ತಿದ್ರೆ" ಅಂದ್ರು. ಅವರು ಹೇಳಿದ್ದು ಹೀಗೆ. ಎಕ್ಸ್ ಒಂದೇ ಅಕ್ಷರ ಇದ್ದು, ಅದರ ದೊಡ್ಡ ಘಾತ ಮೂರು ಅಂದ್ಕೊಳ್ಳಿ. ಎಡಗಡೆ, ಬಲಗಡೆ ಎರಡೂ ಬೇರೆ ಬೇರೆ ಆಗಿದ್ರೆ ಅವು ಹೆಚ್ಚು ಅಂದ್ರೆ ಮೂರು ಜಾಗದಲ್ಲಿ ಮಾತ್ರ ಸಮ ಆಗೋಕೆ ಸಾಧ್ಯ, ಯಾಕಂದ್ರೆ ಮೂರನೇ ಘಾತದ ಸಮೀಕರಣಕ್ಕೆ ಮೂರಕ್ಕಿಂತ ಜಾಸ್ತಿ ಮೂಲಗಳಿರಲ್ಲ. ಅಂದ್ಮೇಲೆ ನಾಲ್ಕು ಬೇರೆ ಬೇರೆ ಬೆಲೆಗೆ ಸಮ ಬಂತು ಅಂದ್ರೆ ಎಲ್ಲದಕ್ಕೂ ಸಮ, ತಪ್ಪಿಸ್ಕೊಳ್ಳೋಕೆ ದಾರಿನೇ ಇಲ್ಲ. ಪುಟ್ಟಿ ಲೆಕ್ಕದಲ್ಲಿ ಅಕ್ಷರ ಎರಡು. ಎಕ್ಸ್‌ಗೆ ನಾಲ್ಕು ಬೆಲೆ, ಒಂದೊಂದಕ್ಕೂ ವೈಗೆ ನಾಲ್ಕು ಬೆಲೆ, ನಾಲ್ಕು ನಾಲ್ಕಲ ಹದಿನಾರು ಸಲ ನೋಡಿದ್ರೆ ಆಯ್ತು, ಅದು ಪೂರ್ತಿ ಸಾಧನೆ.

ನಾನು ಬೆಂಚ್ ಮೇಲೆ ಕೂತ್ಬಿಟ್ಟೆ. ನಮಗೆ ಯಾರೂ ಇದನ್ನ ಹೇಳಿಯೇ ಇರಲಿಲ್ಲ. ಎಷ್ಟು ಅಗುಳು ಹಿಸುಕಬೇಕು ಅಂತ ಲೆಕ್ಕಾನೇ ಇದೆ! ಪುಟ್ಟಿ ಹದಿನಾರರಲ್ಲಿ ಒಂದು ಹಿಸುಕಿದಾಳೆ. ಆಯ್ಲರ್ ಸೂತ್ರ ಈ ಲೆಕ್ಕಕ್ಕೆ ಯಾಕೆ ಸಿಗಲ್ಲ ಅಂತಲೂ ಕೇಳಿದೆ. ಅಲ್ಲಿ ಎರಡು ಕಡೆ ಸಮ ಅಂತ ಯಾರೂ ಹೇಳ್ತಿಲ್ಲ, ಅವಿಭಾಜ್ಯ ಅಂತಷ್ಟೇ ಹೇಳ್ತಿದಾರೆ, ಅದು ಬೇರೆ ಅಕ್ಕಿ ಅಂದ್ರು.

ಅಕ್ಷರಗಳು ಹತ್ತಾರು, ನೂರಾರು ಆದ್ರೆ ಹೀಗೆ ಒಂದೊಂದಾಗಿ ನೋಡೋಕಾಗಲ್ಲ, ಆಗ ಕಂಪ್ಯೂಟರ್‌ನೋರು ಚೀಟಿ ಎತ್ತಿದ ಹಾಗೆ ಯಾವುದೋ ಬೆಲೆ ಆರಿಸಿ ಹಾಕಿ ನೋಡ್ತಾರಂತೆ. ಸುಳ್ಳು ಸಮೀಕರಣ ಅದರಿಂದ ತಪ್ಪಿಸ್ಕೊಳ್ಳೋ ಸಾಧ್ಯತೆ ತೀರಾ ಕಮ್ಮಿ. ಚೀಟಿ ಎತ್ತದೆಯೇ ಬೇಗ ಪತ್ತೆ ಮಾಡೋ ದಾರಿ ಇದ್ಯಾ ಅನ್ನೋದು ಇವತ್ತಿಗೂ ಬಗೆಹರಿದಿಲ್ಲ. ಇಂಥ ಪ್ರಶ್ನೆಗಳ ಮೇಲೇ ಕೆಲಸ ಮಾಡೋ ನೀರಜ್ ಕಯಾಲ್ ನಮ್ಮ ಬೆಂಗಳೂರಲ್ಲೇ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದಾರೆ, 2021ರ ಇನ್ಫೋಸಿಸ್ ಪ್ರಶಸ್ತಿ ಬಂದಿದ್ದು ಅವರಿಗೆ. ಅಂಥೋರು ತಲೆ ಕೆಡಿಸ್ಕೊಳ್ಳೋ ವಿಷಯಕ್ಕೆ ನಮ್ಮ ಪುಟ್ಟಿಗೆ ಸೊನ್ನೆ.

ಈಗ ನನ್ನ ಕಳ್ಳತನ ಹೇಳ್ತೀನಿ. ಎಸ್ಸೆಸ್ಸೆಲ್ಸೀಲಿ ನಾನು ಸಾಧನೆಗಳನ್ನ ಸುಪ್ರಭಾತದ ಹಾಗೆ ಬಾಯಿಪಾಠ ಮಾಡಿದ್ದೆ. ಪ್ರಿಪರೇಟರಿ ಪರೀಕ್ಷೇಲಿ ಮಧ್ಯದಲ್ಲೊಂದು ಕಡೆ ಮೈನಸ್ಸು ತಪ್ಪಿ ಪ್ಲಸ್ ಆಯ್ತು. ಕೊನೇ ಸಾಲು ಹೇಗಿರಬೇಕು ಅಂತ ಗೊತ್ತಿತ್ತಲ್ಲ, ಅದನ್ನೇ ಬರೆದು ‘ಸಾಧಿಸಲಾಗಿದೆ’ ಅಂತ ಗೆರೆ ಎಳೆದೆ. ಪೂರ್ತಿ ಮಾರ್ಕು ಬಂತು. ಎ ಅನ್ನೋದು ಒಂದು ಸಂಖ್ಯೆ, ಅದರ ಜಾಗದಲ್ಲಿ 5 ಇಟ್ಟು ನೋಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಪುಟ್ಟಿಗೆ ಅದು ಗೊತ್ತಿದೆ. ನಮ್ಮಿಬ್ಬರಲ್ಲಿ ಲೆಕ್ಕ ಅರ್ಥ ಆಗಿದ್ದು ಯಾರಿಗೆ, ನೀವೇ ಹೇಳಿ.

ಅದಕ್ಕೇ ನನ್ನ ವಾದ ಇಷ್ಟು: ಮೊದಲು ತಾಳೆ, ಆಮೇಲೆ ಸಾಧನೆ. ತಾಳೆ ನೋಡಿದೋರಿಗೆ ಮೂರರಲ್ಲಿ ಒಂದು ಮಾರ್ಕಾದ್ರೂ ಕೊಡಿ, ಉಳಿದ ಎರಡು ಯಾಕೆ ಇಲ್ಲ ಅಂತ ಪಕ್ಕದಲ್ಲಿ ಒಂದು ಸಾಲು ಬರೀರಿ. ನಲವತ್ತೈದು ಐವತ್ತು ಮಕ್ಕಳ ಪೇಪರ್ ತಿದ್ದೋ ಟೀಚರಿಗೆ ಅದು ಕಷ್ಟ ಅಂತ ನನಗೂ ಗೊತ್ತು. ಆದ್ರೂ ಸೊನ್ನೆ ಅನ್ನೋದು ‘ನೀನು ಬೆಲೆ ಹಾಕಿ ನೋಡಿದ್ದೇ ತಪ್ಪು’ ಅಂತ ಕಲಿಸುತ್ತೆ, ಆ ಮಗು ಇನ್ನು ಜನ್ಮದಲ್ಲಿ ನೋಡಲ್ಲ.

ಅವತ್ತು ಸಾಯಂಕಾಲ ಕೊಬ್ಬರಿ ಮಿಠಾಯಿ ಮಾಡಿ ಚೌಕದ ತಟ್ಟೇಲಿ ಹುಯ್ದು, ಪುಟ್ಟಿ ಕೈಲಿ ಚಾಕು ಕೊಟ್ಟೆ. ಉದ್ದಕ್ಕೆ ಒಂದು ಗೆರೆ, ಅಡ್ಡಕ್ಕೆ ಅಷ್ಟೇ ದೂರದಲ್ಲಿ ಇನ್ನೊಂದು ಗೆರೆ. ಒಂದು ದೊಡ್ಡ ಚೌಕ, ಒಂದು ಸಣ್ಣ ಚೌಕ, ಪಕ್ಕದಲ್ಲಿ ಎರಡು ಉದ್ದ ತುಂಡು. "ಎ², ಬಿ², ಇವೆರಡೂ ಎಬಿ, ಎಬಿ" ಅಂತ ಅವಳೇ ಎಣಿಸಿದ್ಳು. ಎ² + ಬಿ² ಅಂತ ಬರೆಯೋರು ಈ ಎರಡು ತುಂಡು ಯಾರಿಗೆ ಕೊಟ್ರು ಅಂತ ಕೇಳಿದೆ. ತಟ್ಟೆ ಎಷ್ಟು ದೊಡ್ಡದಾದ್ರೂ, ಗೆರೆ ಎಲ್ಲಿ ಎಳೆದ್ರೂ ತುಂಡು ಇಷ್ಟೇ ಅಲ್ವಾ ಅತ್ತೆ ಅಂತು. ಆ ‘ಎಷ್ಟಾದ್ರೂ, ಎಲ್ಲಾದ್ರೂ’ ಇದ್ಯಲ್ಲ, ಸಾಧನೆ ಅಂದ್ರೆ ಅದೇ ಅಂತ ಹೇಳಿ ಬಾಯಿಗೆ ಒಂದು ತುಂಡು ಹಾಕಿದೆ.

ಮಾರ್ಕು ವಾಪಸ್ ಬರಲಿಲ್ಲ. ನಾದಿನಿ ಹೋಗಿ ಕೇಳಿದ್ದಕ್ಕೆ ಆನ್ಸರ್ ಕೀಲಿ ಹಾಗೇ ಇದೆ ಅಂದ್ರಂತೆ. ಪಿಯುಸಿ ಮಾತು ಸದ್ಯಕ್ಕೆ ಮುಂದಕ್ಕೆ ಹೋಗಿದೆ. ಮೊನ್ನೆ ಶನಿವಾರ ಪುಟ್ಟಿ ಒಂದು ಗೈಡ್ ತಂದಿದ್ಳು. ಅದರಲ್ಲಿ ಎಕ್ಸ್³ − ವೈ³ ಸಾಧಿಸಿ ಅಂತ ಇದೆ, ಅರ್ಧ ಗಂಟೆ ಒದ್ದಾಡಿದ್ರೂ ಬರ್ತಿಲ್ಲ. ಆಮೇಲೆ ಪೆನ್ಸಿಲಲ್ಲಿ ಪಕ್ಕದಲ್ಲಿ 2, 1 ಅಂತ ಬರೆದು ನೋಡಿದ್ಳು. ಎಡಗಡೆ 7, ಬಲಗಡೆ 3. "ಅತ್ತೆ, ಗೈಡೇ ತಪ್ಪು! ಇಲ್ಲಿ ಪ್ಲಸ್ ಎಕ್ಸ್‌ವೈ ಬರಬೇಕು, ಇವರು ಮೈನಸ್ ಹಾಕಿದಾರೆ" ಅಂತ ಅಡುಗೆಮನೆವರೆಗೂ ಪುಸ್ತಕ ಹಿಡ್ಕೊಂಡು ಓಡಿ ಬಂತು.