ಫಾಸ್ಫೇಟ್ ಸೊನ್ನೆಯಾದರೆ ಹವಳಕ್ಕೇನು ಲಾಭ?

ಮನೆಯ ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವವರಿಗೆ ಪಾಚಿ ಕಂಡರೆ ದಿಗಿಲು. ಪಾಚಿಯನ್ನು ಬೆಳೆಸುವುದರಲ್ಲಿ ಫಾಸ್ಫೇಟಿನ ಪಾಲು ದೊಡ್ಡದು. ಅದನ್ನು ಹಿಡಿಯಲೆಂದು ಮೀಡಿಯಾ ರಿಯಾಕ್ಟರ್ ತರುತ್ತಾರೆ: ಕೊಳವೆಯೊಳಗೆ ಕಬ್ಬಿಣದ ಆಕ್ಸೈಡಿನ ಹರಳು, ಅದರ ನಡುವೆ ಪಂಪು ನೂಕುವ ನೀರು. ಫಾಸ್ಫೇಟ್ ಹರಳಿಗೆ ಅಂಟಿಕೊಳ್ಳುತ್ತದೆ.

ಸಾಧನ ಒಳ್ಳೆಯದೇ. ನನ್ನ ತಕರಾರು ಬಳಸುವವರ ಅವಸರದ ಮೇಲೆ. ಹವಳಕ್ಕೂ ಅದರೊಳಗೆ ಬದುಕುವ ಸೂಕ್ಷ್ಮ ಪಾಚಿಗೂ ಒಂದಿಷ್ಟು ಫಾಸ್ಫೇಟ್ ಬೇಕೇ ಬೇಕು. ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ ಇದ್ದರೆ ಹೆಚ್ಚಿನ ತೊಟ್ಟಿಗಳು ಚೆನ್ನಾಗಿಯೇ ಇರುತ್ತವೆ. ಒಂದೆರಡು ದಿನದಲ್ಲಿ ಸೊನ್ನೆಗಿಳಿಸಿದರೆ ಹವಳ ಬಿಳಿಚಿಕೊಂಡು ಸಾಯಬಹುದು. ಪಾಚಿ ಹೋದ ಜಾಗಕ್ಕೆ ಡೈನೋಫ್ಲಾಜೆಲೇಟಿನ ಕಂದು ಲೋಳೆ ಬರಬಹುದು. ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣದಿಂದ ಶುರುಮಾಡಿ. ದೂಳು ಹೋಗುವಂತೆ ಹರಳನ್ನು ಮೊದಲೇ ತೊಳೆಯಿರಿ. ಮೇಲ್ಪದರ ಮೆಲ್ಲಗೆ ಅಲುಗುವಷ್ಟೇ ನೀರು ಬಿಡಿ, ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಇದ್ದಿಲು ತುಂಬಿದ್ದರೆ ಅದು ಅಲುಗಲೇಬಾರದು. ಒಂದಕ್ಕೊಂದು ಉಜ್ಜಿ ಪುಡಿಯಾಗುತ್ತದೆ.

ಇದಕ್ಕೂ ಮೊದಲು, ಫಾಸ್ಫೇಟ್ ಬಂದದ್ದೆಲ್ಲಿಂದ ಎಂದು ನೋಡಬೇಕು. ಬಹುಪಾಲು ಮೀನಿನ ಆಹಾರದಿಂದ. ಕೆಲವೊಮ್ಮೆ ನಾವು ಸುರಿಯುವ ನೀರಿನಿಂದಲೇ. ನಮ್ಮ ಫ್ಲ್ಯಾಟುಗಳ ಅಡುಗೆಮನೆಯಲ್ಲಿರುವ ಎಷ್ಟೋ ಆರ್‌ಒ ಯಂತ್ರಗಳು ರುಚಿಗೆಂದು ಲವಣ ಉಳಿಸುತ್ತವೆ. ಕುಡಿಯಲು ಅದು ಸರಿ. ಹವಳದ ತೊಟ್ಟಿಗೆ ಮಾತ್ರ ಆರ್‌ಒ ನಂತರ ಡಿಐ ಹಂತವನ್ನೂ ದಾಟಿದ, ಟಿಡಿಎಸ್ ಸೊನ್ನೆ ತೋರುವ ನೀರು ಬೇಕು. ಉಪ್ಪು ಬೆರೆಸುವುದು ಆಮೇಲೆ.

ನೀರು ಸರಿಪಡಿಸಿ, ಮೀನಿಗೆ ಹಾಕುವ ಆಹಾರವನ್ನು ಒಂದು ಚಿಟಿಕೆ ಕಡಿಮೆ ಮಾಡಿ ಒಂದು ತಿಂಗಳು ಕಾಯಿರಿ. ಆಗಲೂ ಅಂಕಿ ಏರುತ್ತಿದ್ದರೆ ರಿಯಾಕ್ಟರಿಗೆ ದುಡ್ಡು ಹಾಕಿದ್ದು ಸಾರ್ಥಕ.