ಸಹ್ಯಾದ್ರಿಯ ಮೇರೆ

ಸಕಲೇಶಪುರ ತಾಲ್ಲೂಕಿನಲ್ಲಿ ಬಿಸಿಲೆಯ ದಾರಿ ಹಿಡಿದು ಹೋಗುವವರಿಗೆ ಮಂಕನಹಳ್ಳಿಯ ಬಳಿ ಒಂದು ಕಲ್ಲು ಕಾಣಸಿಗುತ್ತದೆ. ಅದರ ಒಂದು ಮಗ್ಗುಲಿಗೆ ಬಂಗಾಳ ಕೊಲ್ಲಿಯೆಂದೂ ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವೆಂದೂ ಆಂಗ್ಲ ಅಕ್ಷರಗಳಲ್ಲಿ ಬರೆದಿದೆ. ಕಲ್ಲಿನ ಈಚೆಗೆ ಬಿದ್ದ ಮಳೆಯ ನೀರು ಹೇಮಾವತಿಯನ್ನು ಸೇರಿ ಕಾವೇರಿಯ ಒಡನೆ ಮೂಡಣ ಕಡಲಿಗೆ ಹೋಗುತ್ತದೆ. ಆಚೆಗೆ ಬಿದ್ದುದು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡಗೂಡಿ, ಮಂಗಳೂರಿನಲ್ಲಿ ಪಡುಗಡಲನ್ನು ಮುಟ್ಟುತ್ತದೆ. ಆಷಾಢದ ಒಂದು ಮಧ್ಯಾಹ್ನ ಅಲ್ಲಿ ಕೊಡೆ ಹಿಡಿದು ನಿಂತಿದ್ದಾಗ, ಕಲ್ಲಿನ ನೆತ್ತಿಯ ಪಾಚಿಯಲ್ಲಿ ನೀರು ಕ್ಷಣಕಾಲ ತಡೆದು, ಎರಡು ಎಳೆಯಾಗಿ ಒಡೆದು, ಎರಡು ಕಡೆಗೂ ಇಳಿಯುವುದನ್ನು ನಾನು ಬಹಳ ಹೊತ್ತು ನೋಡಿದೆನು. ಸಹ್ಯಾದ್ರಿ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬ ಇಂದಿನ ಜಿಜ್ಞಾಸೆಯನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಆ ಕಲ್ಲು.

ಪರ್ವತವು ಅಚಲವೆಂದು ಸಂಸ್ಕೃತ ಕೋಶಗಳು ಹೇಳುತ್ತವೆ; ಆದರೆ ಅದರ ಮೇರೆಯಷ್ಟು ಚಲಿಸಿದುದು ಬೇರೊಂದಿಲ್ಲ. ಪುರಾಣಗಳು ಭಾರತವರ್ಷದ ಏಳು ಕುಲಪರ್ವತಗಳನ್ನು ಎಣಿಸುವಾಗ ಸಹ್ಯವನ್ನೂ ಮಲಯವನ್ನೂ ಬೇರೆ ಬೇರೆಯಾಗಿಯೇ ಹೆಸರಿಸುತ್ತವೆ. ರಘುವಿನ ದಿಗ್ವಿಜಯವನ್ನು ವರ್ಣಿಸಿದ ಕಾಳಿದಾಸನಿಗೂ ಅವು ಎರಡೇ. ಇಂದು ನಾವು ತಪತೀ ನದಿಯಿಂದ ಕನ್ಯಾಕುಮಾರಿಯವರೆಗೆ ಒಂದೇ ಶ್ರೇಣಿಯೆಂದು ಮಕ್ಕಳಿಗೆ ಕಲಿಸುವ, ಸುಮಾರು 1600 ಕಿಲೋಮೀಟರು ಉದ್ದದ ಬೆಟ್ಟಸಾಲಿನ ದಕ್ಷಿಣ ಭಾಗವು ಪೂರ್ವಿಕರ ದೃಷ್ಟಿಯಲ್ಲಿ ಇನ್ನೊಂದು ಪರ್ವತವಾಗಿದ್ದಿತು. ಪಾಲಕ್ಕಾಡಿನ ಬಳಿ ಸಾಲು ಹರಿದು ಬಯಲಾಗಿರುವುದನ್ನು ಕಂಡವರಿಗೆ ಆ ಎಣಿಕೆ ತಪ್ಪೆಂದು ತೋರಲಾರದು. ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆಯುವುದು, ಪುರಾಣಕಾರರು ಪರ್ವತದ ಗುರುತು ಹೇಳಿದ ಬಗೆ: ಅವರು ಎತ್ತರವನ್ನೂ ಹೇಳಲಿಲ್ಲ, ವಿಸ್ತಾರವನ್ನೂ ಹೇಳಲಿಲ್ಲ, ಗೋದಾವರಿ, ಭೀಮರಥಿ, ಕೃಷ್ಣವೇಣಿ, ತುಂಗಭದ್ರೆ, ಕಾವೇರಿ ಇವು ಸಹ್ಯನ ಪಾದದಲ್ಲಿ ಹುಟ್ಟಿದುವೆಂದು ಹೇಳಿದರು. ಮಕ್ಕಳ ಹೆಸರಿನಿಂದ ತಂದೆಯನ್ನು ಗುರುತಿಸಿದಂತೆ, ನದಿಗಳ ಹೆಸರಿನಿಂದ ಪರ್ವತವನ್ನು ಗುರುತಿಸಿದರು.

ಜನರ ಬಾಯಲ್ಲಾದರೋ ಅದು ಸಹ್ಯವೂ ಅಲ್ಲ, ಶ್ರೇಣಿಯೂ ಅಲ್ಲ, ಅದು ಘಟ್ಟ. ಕುಂದಾಪುರದ ಕಡೆಯ ನನ್ನ ಅಜ್ಜಿಗೆ ಘಟ್ಟವೆಂದರೆ ಹತ್ತಿ ಇಳಿಯುವ ದಾರಿಯೇ ಹೊರತು ನಕ್ಷೆಯ ಮೇಲಿನ ಗೆರೆಯಲ್ಲ. ಘಟ್ಟದ ಮೇಲೆ ಕೊಟ್ಟ ಹೆಣ್ಣು, ಘಟ್ಟಕ್ಕೆ ಕೆಲಸಕ್ಕೆ ಹೋದ ಗಂಡು, ಘಟ್ಟದಿಂದ ಇಳಿದು ಬಂದ ಹೇರೆತ್ತು, ಇವೇ ಅವಳ ಭೂಗೋಳ. ಉಪ್ಪೂ ಒಣಮೀನೂ ಮೇಲಕ್ಕೆ, ಅಡಕೆಯೂ ಮೆಣಸೂ ಕೆಳಕ್ಕೆ. ಹುಲಿಕಲ್ಲು, ಆಗುಂಬೆ, ಚಾರ್ಮಾಡಿ, ಶಿರಾಡಿ ಎಂದು ಒಂದೊಂದು ದಾರಿಗೂ ಒಂದೊಂದು ಹೆಸರಿದ್ದಿತಲ್ಲದೆ, ಅವೆಲ್ಲವನ್ನೂ ಪೋಣಿಸಿದ ಒಂದು ಹೆಸರಿನ ಅಗತ್ಯವೇ ಅವಳಿಗೆ ಎಂದೂ ಬೀಳಲಿಲ್ಲ. ದಾರಿಯ ಈ ಹೆಸರನ್ನೇ ಹಡಗಿನಲ್ಲಿ ಬಂದ ಐರೋಪ್ಯರು ಇಡೀ ಪರ್ವತಕ್ಕೆ ಇಟ್ಟರು. ಅದು ಪಶ್ಚಿಮ ಘಟ್ಟವೆಂದಾಗಿ ನಮ್ಮ ಪಾಠಪುಸ್ತಕಗಳಿಗೆ ಮರಳಿ ಬಂದಿತು. ಭೂವಿಜ್ಞಾನಿಗಳನ್ನು ಕೇಳಿದರೆ, ಇದು ಮಡಿಕೆಬಿದ್ದು ಎದ್ದ ಪರ್ವತವೇ ಅಲ್ಲ, ಪ್ರಸ್ಥಭೂಮಿಯ ಒಡೆದ ಅಂಚು ಎನ್ನುತ್ತಾರೆ. ಕರಾವಳಿಯಿಂದ ನೋಡಿದವನಿಗೆ ಗೋಡೆಯಂತೆ ನಿಲ್ಲುವ ಸಹ್ಯಾದ್ರಿಯು ಹಾಸನದ ಕಡೆಯಿಂದ ಬರುವವನಿಗೆ ಗದ್ದೆಯೂ ಕಾಫಿ ತೋಟವೂ ಹರಡಿದ ಮೆಲ್ಲನೆಯ ಏರಿಳಿತವಾಗಿ ತೋರುವುದಕ್ಕೆ ಇದೇ ಕಾರಣ. ಪಡುವಣದ ಅಂಚನ್ನು ಕಣ್ಣೇ ಹೇಳುತ್ತದೆ. ಮೂಡಣದ ಅಂಚಿನ ಬಗೆಗೇ ವಿವಾದವೆಲ್ಲ.

ಆ ವಿವಾದವು ನಮ್ಮ ಕಾಲದಲ್ಲಿ ಅಂಕಿಗಳ ರೂಪವನ್ನು ತಾಳಿದೆ. 2011ರಲ್ಲಿ ವರದಿಯಿತ್ತ ಮಾಧವ ಗಾಡ್ಗೀಳರ ಸಮಿತಿಯು ಎತ್ತರವನ್ನೂ ಕಾಡನ್ನೂ ಒಟ್ಟಿಗೆ ಇಟ್ಟುಕೊಂಡು, ಮೂಡಣದಲ್ಲಿ 500 ಮೀಟರಿಗೂ ಪಡುವಣದಲ್ಲಿ 150 ಮೀಟರಿಗೂ ಮೇಲಿನ ಅರಣ್ಯಭೂಮಿಯನ್ನು ಆಧಾರವಾಗಿ ಹಿಡಿದು, ಪಶ್ಚಿಮ ಘಟ್ಟದ ವಿಸ್ತೀರ್ಣವನ್ನು 1,29,037 ಚದರ ಕಿಲೋಮೀಟರೆಂದು ಲೆಕ್ಕಹಾಕಿತು. 2013ರಲ್ಲಿ ಕಸ್ತೂರಿರಂಗನ್ ಅವರ ಕಾರ್ಯತಂಡವು ತಾಲ್ಲೂಕುಗಳ ಎಣಿಕೆಯಿಂದ ಹೊರಟು ಅದನ್ನು 1,64,280 ಎಂದಿತು. ಎರಡು ವರ್ಷದ ಅಂತರದಲ್ಲಿ ಹೆಚ್ಚುಕಡಿಮೆ ಕೇರಳದಷ್ಟು ನೆಲವು ಪರ್ವತದೊಳಗೆ ಬಂದಿತು. ಆದರೂ ರಕ್ಷಣೆಗೆ ಅರ್ಹವೆಂದು ಎರಡನೆಯ ತಂಡವು ಗುರುತಿಸಿದುದು ಅದರಲ್ಲಿ ನೂರಕ್ಕೆ 37 ಭಾಗ ಮಾತ್ರ. ಉಪಗ್ರಹದ ಚಿತ್ರದಲ್ಲಿ ಗ್ರಾಮವೊಂದರ ಐದನೆಯ ಒಂದು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮ ಒಳಗೆ, ಅದಕ್ಕಿಂತ ಕಡಮೆಯಾದರೆ ಹೊರಗೆ. ನಮ್ಮ ರಾಜ್ಯದಲ್ಲಿ ಹೀಗೆ ಒಳಗೆ ಬಂದುದು 20,668 ಚದರ ಕಿಲೋಮೀಟರು. ಅದನ್ನು ಒಪ್ಪಲಾರೆನೆಂದು ಸರ್ಕಾರವು ಮತ್ತೆ ಮತ್ತೆ ಹೇಳಿದೆ.

ಗೆರೆಯೊಳಗೆ ಬಂದರೆ ನಿರ್ಬಂಧಗಳು ಬೀಳುವುವೆಂಬ ಮಲೆನಾಡಿನ ರೈತನ ಭೀತಿಯನ್ನು ನಾನು ಹಗುರವಾಗಿ ಎಣಿಸುವವನಲ್ಲ. ತಲೆಮಾರುಗಳಿಂದ ಸೊಪ್ಪಿನ ಬೆಟ್ಟವನ್ನು ಕಾಯ್ದುಕೊಂಡು ಬಂದವನ ತೋಟದಲ್ಲಿ ಮರವಿರುವುದರಿಂದಲೇ ಅವನ ಗ್ರಾಮವು ಗೆರೆಯೊಳಗೆ ಬಂದು, ಎಂದೋ ಬೋಳಾದ ಪಕ್ಕದ ಗ್ರಾಮವು ಗೆರೆಯ ಹೊರಗುಳಿದರೆ, ಮರ ಬೆಳೆಸಿದುದಕ್ಕೆ ಇದೇನು ದಂಡವೋ ಎಂದು ಅವನು ಕೇಳುವುದು ನ್ಯಾಯವಾಗಿಯೇ ಇದೆ. ಗ್ರಾಮಸಭೆಗಳನ್ನು ಕೇಳಿಯೇ ಮೇರೆಯನ್ನು ನಿಶ್ಚಯಿಸಬೇಕೆಂದು ಗಾಡ್ಗೀಳರು ಹೇಳಿದ್ದ ಮಾತು ಎಲ್ಲಕ್ಕಿಂತ ಮೊದಲು ನಡೆಯಬೇಕಾಗಿದ್ದಿತು; ಅದು ನಡೆಯಲಿಲ್ಲ. ಆದರೆ ಗೆರೆಯೇ ಬೇಡವೆಂಬ ಪಕ್ಷವನ್ನೂ ನಾನು ಒಪ್ಪಲಾರೆನು. ಹೆಸರಿಟ್ಟು ಮೇರೆ ಹಾಕದ ಬೆಟ್ಟವನ್ನು ಜೆಸಿಬಿಯು ಕೇಳದೆಯೇ ಕಡಿಯುತ್ತದೆ, ಮತ್ತು ಪ್ರತಿ ಮಳೆಗಾಲದಲ್ಲಿ ಶಿರಾಡಿಯಲ್ಲಿಯೋ ಕೊಡಗಿನಲ್ಲಿಯೋ ಕುಸಿದು ಬೀಳುವ ಮಣ್ಣಿಗೆ ಗ್ರಾಮನಕ್ಷೆಯ ಅರಿವಿರುವುದಿಲ್ಲ.

ಎತ್ತರವನ್ನೂ ತಾಲ್ಲೂಕನ್ನೂ ಬಿಟ್ಟು ಪುರಾಣಕಾರರಂತೆ ನೀರಿನಿಂದ ಹೊರಡುವುದೇ ಮೇಲೆಂದು ನನಗೆ ತೋರುತ್ತದೆ. ಸಾಗರದ ಸೀಮೆಯಲ್ಲಿ ವರದೆಯು ಮೂಡಣಕ್ಕೆ ಹರಿದರೆ, ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಜೋಗದಲ್ಲಿ ಧುಮುಕಿ ಪಡುವಣಕ್ಕೆ ನಡೆಯುತ್ತದೆ. ಈ ತೊರೆಗಳ ತಲೆಯ ಕಾಡನ್ನು ಹಿಡಿದು ಗೆರೆ ಎಳೆದರೆ ಯಾವ ಗ್ರಾಮ ಏತಕ್ಕಾಗಿ ಒಳಗಿದೆಯೆಂಬುದನ್ನು ಅಲ್ಲಿಯವರಿಗೇ ತೋರಿಸಬಹುದು. ಆ ಕಾಡನ್ನು ಉಳಿಸುವ ಖರ್ಚನ್ನು ಮೇಲಿನವರೊಬ್ಬರೇ ಹೊರಬೇಕಾಗಿಯೂ ಇಲ್ಲ. ನೀರು ಕುಡಿಯುವವರೂ ಸಹ್ಯಾದ್ರಿಯ ಒಕ್ಕಲೇ ಆಗುತ್ತಾರೆ. ಮಂಕನಹಳ್ಳಿಯ ಕಲ್ಲಿನಿಂದ ಈಚೆಗೆ ಇಳಿದ ಆ ಎಳೆ ಹೇಮಾವತಿಯಾಗಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ನಾಲೆ ಹಿಡಿದು ಬುಗುಡನಹಳ್ಳಿಯ ಕೆರೆ ಸೇರುತ್ತದೆ. ಯಾವ ಸಮಿತಿಯೂ ಪಶ್ಚಿಮ ಘಟ್ಟದೊಳಗೆ ಎಣಿಸದ ತುಮಕೂರಿನಲ್ಲಿ, ಬೆಳಗಿನ ಹೊತ್ತು ನಲ್ಲಿಯ ಕೆಳಗೆ ಬಿಂದಿಗೆಯಿಟ್ಟು ನಿಂತ ಹೆಂಗಸರು ತುಂಬಿಕೊಳ್ಳುವುದು ಆ ನೀರನ್ನೇ.