ಮೊದಲು ಕೇಳಿ, ಆಮೇಲೆ ಆರಿಸಿ

ಮೈಸೂರಿನ ಜಯಲಕ್ಷ್ಮಿಪುರಂ ವಿದ್ಯಾರ್ಥಿಗಳ ಓಡಾಟ ಹೆಚ್ಚಾಗಿರುವ ಬಡಾವಣೆ. ಕಾಲೇಜು ಪ್ರವೇಶದ ದಿನಗಳಲ್ಲಿ ಅಲ್ಲಿಯ ರಸ್ತೆಗಳಲ್ಲಿ ನಡೆದವರ ಕಿವಿಗೆ ಬೀಳುವ ಮಾತು ಒಂದೇ: ‘ನೀನು ಯಾವ ವಿಷಯ ತೆಗೆದುಕೊಂಡೆ?’ ಈ ಪ್ರಶ್ನೆಗೆ ‘ಮನಶ್ಶಾಸ್ತ್ರ’ ಎಂದು ಉತ್ತರ ಕೊಡುವವರೂ ಉಂಟು. ಏಕೆಂದು ವಿಚಾರಿಸಿದರೆ, ಜನರ ಮನಸ್ಸನ್ನು ಓದಬಹುದೆಂದು ಒಬ್ಬರು, ನೊಂದವರಿಗೆ ನೆರವಾಗಬಹುದೆಂದು ಮತ್ತೊಬ್ಬರು ಹೇಳುತ್ತಾರೆ. ಎರಡನೆಯ ಕಾರಣ ನಿಜವಾಗಿಯೂ ದೊಡ್ಡದು. ಆದರೆ, ‘ಆ ಕೆಲಸ ಮಾಡುವ ಯಾರೊಡನೆಯಾದರೂ ಮಾತನಾಡಿದ್ದೀರಾ?’ ಎಂದು ಕೇಳಿದರೆ ಬಹುಮಂದಿಯ ಉತ್ತರ ಮೌನವೇ. ಈ ಮೌನ ಸಲ್ಲದೆಂಬುದೇ ನಮ್ಮ ಅಭಿಪ್ರಾಯ.

ಮನಶ್ಶಾಸ್ತ್ರ ಮೈಸೂರಿಗೆ ಹೊಸದಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ಬೋಧನೆಗೆ ಅಡಿಗಲ್ಲು ಹಾಕಿದರು. ಅದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದು ಆ ನಿಲಯದಿಂದ. ಪಠ್ಯಪುಸ್ತಕವನ್ನು ಮಾತ್ರ ಓದಿದವನು, ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರ ದಿನಗಳು ಹೀಗೂ ಕಳೆಯಬಹುದೆಂದು ಊಹಿಸುವುದು ಸಾಧ್ಯವೆ? ವಿಷಯದ ಹೆಸರು ಒಂದು. ಅದನ್ನು ಕಲಿತವರು ಮಾಡುವ ಕೆಲಸಗಳು ನೂರು.

ಇದನ್ನು ಕಾಣಲು ಬಹುದೂರ ಹೋಗಬೇಕಾಗಿಲ್ಲ. ಜಯಲಕ್ಷ್ಮಿಪುರಂಗೆ ಹತ್ತಿರದ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಗುವಿಗೆ ಮಾತು ತಡವಾಗಿ ಬರುತ್ತಿದ್ದರೆ ಅದಕ್ಕೆ ಕಾರಣ ಕಿವಿಯದೋ, ಬುದ್ಧಿಯ ಬೆಳವಣಿಗೆಯದೋ, ಬೇರೆಯದೋ ಎಂಬುದನ್ನು ಬಿಡಿಸಿ ನೋಡುವಲ್ಲಿ ಮನಶ್ಶಾಸ್ತ್ರಜ್ಞನ ಪಾಲೂ ಇದೆ. ಅಲ್ಲಿಯೇ ಇರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಅಧ್ಯಾಪಕರಾಗುವವರು ಮಗುವಿನ ಕಲಿಕೆಯ ಮನಶ್ಶಾಸ್ತ್ರವನ್ನು ಓದುತ್ತಾರೆ. 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ತಿಂಡಿತಿನಿಸುಗಳ ರುಚಿಯನ್ನೂ ವಾಸನೆಯನ್ನೂ ಮನುಷ್ಯರ ನಾಲಗೆ ಮೂಗುಗಳಿಂದಲೇ ಅಳೆಯುವ ಕೆಲಸ ನಡೆಯುತ್ತದೆ. ಇಂದ್ರಿಯಾನುಭವವನ್ನು ಅಳತೆಗೆ ಒಳಪಡಿಸುವ ಈ ಶಾಸ್ತ್ರಕ್ಕೆ 1860ರಲ್ಲಿ ಗ್ರಂಥರೂಪ ಕೊಟ್ಟವನು ಜರ್ಮನಿಯ ಫೆಕ್ನರ್. ನೊಂದವರ ಮುಂದೆ ಕುಳಿತು ಮಾತನಾಡುವುದೊಂದೇ ಮನಶ್ಶಾಸ್ತ್ರಜ್ಞನ ಕೆಲಸವೆಂದು ತಿಳಿದವರಿಗೆ ಇವೆಲ್ಲ ಹೊಸ ಸುದ್ದಿ.

ತಿಳಿಯದಿದ್ದರೆ ಆಗುವ ನಷ್ಟವಾದರೂ ಏನು? ಇದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಮನೋವೈದ್ಯ ಬೇರೆ, ಚಿಕಿತ್ಸಾ ಮನಶ್ಶಾಸ್ತ್ರಜ್ಞ ಬೇರೆ. ಮನೋವೈದ್ಯನು ಮೊದಲು ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮನೋರೋಗಗಳ ಚಿಕಿತ್ಸೆಯಲ್ಲಿ ವಿಶೇಷ ಶಿಕ್ಷಣ ಪಡೆದವನು. ಔಷಧಿ ಬರೆದುಕೊಡುವವನು ಅವನು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಮನಶ್ಶಾಸ್ತ್ರದಲ್ಲಿ ಪದವಿಗಳನ್ನು ಪಡೆದು, ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ತರಬೇತಿ ಹೊಂದಿ, ಪರೀಕ್ಷೆಗಳಿಂದಲೂ ಮಾತಿನ ಚಿಕಿತ್ಸೆಯಿಂದಲೂ ನೆರವಾಗುವವನು. ಈ ಹೆಸರಿನಲ್ಲಿ ವೃತ್ತಿ ನಡೆಸಲು 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ದಾಖಲೆಯಲ್ಲಿ ಹೆಸರಿರಬೇಕು; ಬಿ.ಎ. ಪದವಿಯೊಂದೇ ಸಾಲದು. ಮನೋವೈದ್ಯೆಯಾಗುವ ಕನಸು ಕಂಡ ಹುಡುಗಿಯೊಬ್ಬಳು, ಮನಶ್ಶಾಸ್ತ್ರ ಇರುವುದು ಕಲಾವಿಭಾಗದಲ್ಲಿ ಎಂದುಕೊಂಡು ಹತ್ತನೆಯ ತರಗತಿಯ ಅನಂತರ ಜೀವಶಾಸ್ತ್ರವನ್ನು ಕೈಬಿಟ್ಟಳೆನ್ನಿ. ಹದಿನಾರನೆಯ ವಯಸ್ಸಿನಲ್ಲಿ ಮುಚ್ಚಿದ ಆ ಬಾಗಿಲನ್ನು ಮತ್ತೆ ತೆರೆಯುವುದು ಬಹಳ ಕಷ್ಟ. ಒಬ್ಬ ಮನೋವೈದ್ಯರೊಡನೆ ಹತ್ತು ನಿಮಿಷ ಮಾತನಾಡಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ವೃತ್ತಿಯ ಆಯ್ಕೆಗೂ ಒಂದು ಕ್ರಮವುಂಟು. ಬೋಸ್ಟನ್ನಿನಲ್ಲಿ ತರುಣರಿಗೆ ವೃತ್ತಿಮಾರ್ಗದರ್ಶನ ಆರಂಭಿಸಿದ ಫ್ರಾಂಕ್ ಪಾರ್ಸನ್ಸ್ ಬರೆದ ಗ್ರಂಥ ಅವನ ಮರಣಾನಂತರ 1909ರಲ್ಲಿ ಪ್ರಕಟವಾಯಿತು. ತನ್ನನ್ನು ತಾನು ಅರಿಯುವುದು, ಕೆಲಸವನ್ನು ಅರಿಯುವುದು, ಇವೆರಡನ್ನೂ ಯುಕ್ತಿಯಿಂದ ಹೊಂದಿಸುವುದು—ಇವೇ ಅವನು ಹೇಳಿದ ಮೂರು ಹೆಜ್ಜೆಗಳು. ನಮ್ಮ ವಿದ್ಯಾರ್ಥಿಗಳು ಎಡವುವುದು ಎರಡನೆಯದರಲ್ಲಿ.

ಹಾಗಾದರೆ ಕೇಳಬೇಕಾದುದು ಏನನ್ನು? ‘ನಿಮ್ಮ ಕೆಲಸ ಚೆನ್ನಾಗಿದೆಯೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ದೊರಕೀತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ವಿಧಾನವೊಂದು ಇಲ್ಲಿ ಉಪಯುಕ್ತ: ಸಾಮಾನ್ಯ ಅಭಿಪ್ರಾಯವನ್ನು ಕೇಳದೆ, ನಿಜವಾಗಿ ನಡೆದ ಪ್ರಸಂಗಗಳನ್ನು ಕೇಳಬೇಕು. ‘ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಿದಿರಿ? ಎಷ್ಟು ಹೊತ್ತು ವರದಿ ಬರೆಯುವುದಕ್ಕೆ ಹೋಯಿತು? ಈಚೆಗೆ ನಿಮ್ಮಿಂದ ಆಗದೆ ಹೋದ ಕೆಲಸ ಯಾವುದು? ಈ ಸ್ಥಾನಕ್ಕೆ ಬರಲು ಎಷ್ಟು ವರ್ಷ, ಎಷ್ಟು ಹಣ ಬೇಕಾಯಿತು?’ ಇಂತಹ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ವೃತ್ತಿಯ ನಿಜವಾದ ರೂಪ ಕಾಣುತ್ತದೆ. ರೋಗಿಗಳ ವಿಚಾರವನ್ನು ಮಾತ್ರ ಕೆದಕಬಾರದು. ಅವರ ಗುಟ್ಟನ್ನು ಕಾಪಾಡುವುದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದ ಕರ್ತವ್ಯ. ನೀವು ಕೆಣಕಿದರೂ ಹೇಳದೆ ನಕ್ಕು ಸುಮ್ಮನಾಗುವ ಹಿರಿಯರಿಂದ ನೀವು ಕಲಿಯುವ ಮೊದಲನೆಯ ಪಾಠವೇ ಅದು.

ಒಬ್ಬರನ್ನು ಮೆಚ್ಚಿ ಅವರಂತೆಯೇ ಆಗಬೇಕೆನ್ನುವುದರಲ್ಲಿ ಅಪಾಯವಿದೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರ್ಶವ್ಯಕ್ತಿ ಎಂದರೆ ಪೂಜೆಯ ವಿಗ್ರಹವಲ್ಲ. ಅಲ್ಲದೆ, ಕಚೇರಿಯಲ್ಲಿ ನಮಗೆ ಸಿಕ್ಕುವವರು ವೃತ್ತಿಯಲ್ಲಿ ಉಳಿದವರು. ಬಿಟ್ಟುಹೋದವರು ಅಲ್ಲಿ ಸಿಕ್ಕುವುದಿಲ್ಲ. ಆದುದರಿಂದ ಕನಿಷ್ಠ ಮೂವರನ್ನು ಕಾಣಿರಿ: ಹೊಸದಾಗಿ ಸೇರಿದವರೊಬ್ಬರು, ಬಹುಕಾಲ ದುಡಿದವರೊಬ್ಬರು, ಮಾರ್ಗ ಬದಲಿಸಿದವರೊಬ್ಬರು. ಮೂವರ ಮಾತೂ ಕೂಡುವಲ್ಲಿ ನಂಬಿ. ಬೇರೆಯಾಗುವಲ್ಲಿ ಮತ್ತೆ ವಿಚಾರಿಸಿ.

ಹಳ್ಳಿಯ ವಿದ್ಯಾರ್ಥಿಗೆ ಇಂಥವರು ಎಲ್ಲಿ ಸಿಕ್ಕಾರು ಎಂಬ ಪ್ರಶ್ನೆಯೂ ನ್ಯಾಯವಾದುದೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದರ ತಂಡದ ಕಲ್ಪನೆಯಲ್ಲಿ ಮನೋವೈದ್ಯ, ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಸಮಾಜಕಾರ್ಯಕರ್ತ, ದಾದಿ—ಈ ನಾಲ್ವರೂ ಸೇರಿದ್ದಾರೆ. ಆದುದರಿಂದ ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಮುಂಚಿತವಾಗಿ ಒಂದು ಕಾಗದ ಬರೆದು, ಇಪ್ಪತ್ತು ನಿಮಿಷದ ಅವಕಾಶ ಬೇಡಿ, ಹೇಳಿದ ಹೊತ್ತಿಗೆ ಸರಿಯಾಗಿ ಹೋದರೆ ಬಾಗಿಲು ತೆರೆಯದಿರುವವರು ಕಡಮೆ.

ಆದರೂ ಈ ಭಾರವನ್ನೆಲ್ಲ ಹದಿನಾರರ ಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ಶಾಲೆ ಕಾಲೇಜುಗಳು ವರ್ಷಕ್ಕೆ ಒಂದು ಶನಿವಾರವನ್ನಾದರೂ ಇದಕ್ಕಾಗಿ ಮೀಸಲಿಡಬೇಕು. ಅದು ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆಯೇ ಬರಬೇಕು. ವೃತ್ತಿಯಲ್ಲಿರುವವರೂ ಆ ದಿನ ಭಾಷಣ ಮಾಡದೆ, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮಾನಸಗಂಗೋತ್ರಿಯ ಪಕ್ಕದಲ್ಲೇ ಬೆಳೆದ ಜಯಲಕ್ಷ್ಮಿಪುರಂನ ಹುಡುಗ, ಅಲ್ಲಿ ನಡೆಯುವ ಕೆಲಸವನ್ನು ತಿಳಿಯದೆ ತನ್ನ ದಾರಿಯನ್ನು ಆರಿಸಿದರೆ ತಪ್ಪು ಅವನೊಬ್ಬನದೇ ಅಲ್ಲ. ಹೇಳದೆ ಉಳಿದ ನಮ್ಮೆಲ್ಲರದೂ ಹೌದು.